ಎಳೆ ಕೀಳುವ ಕೈ

ನವೆಂಬರ್ 26

ಇವತ್ತು ಬೋಣಿಗೆ ಮೊದಲೇ ನಷ್ಟ. ಬೆಳಿಗ್ಗೆ ಬಂದ ಹೆಂಗಸು ತಿಳಿಹಳದಿ ರೇಷ್ಮೆ ಕೇಳಿದಳು. ಥಾನು ಇಳಿಸಿ, ನನ್ನ ಪದ್ಧತಿಯಂತೆ ಎರಡು ಸುತ್ತು ಬಿಚ್ಚಿ, ಬಟ್ಟೆಯ ಕೆಳಗೆ ಎಡಗೈ ಕೊಟ್ಟು ಮೇಲೆ ಬಲಗೈ ಜಾರಿಸಿದೆ. "ನೀರು ಅಂದ್ರೆ ನೀರು, ನೋಡಿ ಅಮ್ಮ" ಎನ್ನುವುದು ನನ್ನ ಮಾಮೂಲು ಮಾತು. ಎರಡನೇ 'ನೀರು' ಬಾಯಿಂದ ಬರುವಷ್ಟರಲ್ಲಿ ಚರ್ ಅಂತ ಸದ್ದಾಯಿತು. ಹೆಬ್ಬೆರಳ ಪಕ್ಕದ ಬಿರುಕಿಗೆ ಒಂದು ಎಳೆ ಸಿಕ್ಕಿಕೊಂಡು, ಗೇಣುದ್ದ ಬಟ್ಟೆ ಮುಖ ಸಿಂಡರಿಸಿತು.

ಆಕೆ ಬಟ್ಟೆ ನೋಡಲಿಲ್ಲ. ನನ್ನ ಕೈ ನೋಡಿದಳು. "ಆಮೇಲೆ ಬರ್ತೀನಿ" ಅಂದಳು. ಈ ವ್ಯಾಪಾರದಲ್ಲಿ 'ಆಮೇಲೆ' ಅನ್ನುವ ಊರಿಗೆ ಹೋದವರು ಯಾರೂ ಇನ್ನೂ ವಾಪಸು ಬಂದಿಲ್ಲ.

ಪ್ರತಿ ಚಳಿಗಾಲಕ್ಕೂ ಕೈ ಒಣಗುವುದು ಇದ್ದದ್ದೇ. ಈ ಸಲ ಮಾತ್ರ ಬೇಸಿಗೆಯಲ್ಲಿ ಬತ್ತಿದ ಕೆರೆಯಂತೆ ಒಡೆದಿದೆ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನಂಥ ಬಾಯಿಬಡುಕ ಒಂದು ವಿಷಯ ಹೊಟ್ಟೆಯಲ್ಲೇ ಇಟ್ಟುಕೊಂಡರೆ ಅಜೀರ್ಣವಾಗುತ್ತದೆ.

ನವೆಂಬರ್ 28

ಚಿಂತೆಯ ಮೂಲ ಇದು: ಡಿಸೆಂಬರ್ ಕೊನೆಯಲ್ಲಿ ಟೈಲರ್ ಮೇಡಂ ಬರುತ್ತಾರೆ. ಮದುವೆಯ ಉಡುಪು ಹೊಲಿಯುವುದರಲ್ಲಿ ಊರಿಗೆಲ್ಲ ಅವರದೇ ಹೆಸರು. ವರ್ಷಕ್ಕೆ ಬೇಕಾದ ಬಟ್ಟೆಯನ್ನು ಒಂದೇ ದಿನ ಕೂತು ಆರಿಸುತ್ತಾರೆ. ಅವರು ಬಂದು ಹೋದರೆ ನನ್ನ ಅಂಗಡಿ ಮುಂದಿನ ಚಳಿಗಾಲದವರೆಗೆ ಉಸಿರಾಡುತ್ತದೆ. ಬಾರದಿದ್ದರೆ ಏನು ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ, ಯಾಕೆಂದರೆ ಎದುರಿಗೆ ಅಂಗಡಿ ಇರಲಿಲ್ಲ. ಈಗ ಇದೆ. ಅಡಿಯಿಂದ ಮುಡಿಯವರೆಗೆ ಗಾಜು. ಒಳಗೆ ನಿಂತಿರುವ ಹುಡುಗಿಯರ ಕೈ ಅಂದರೆ ಬೆಣ್ಣೆಯಲ್ಲಿ ಮಾಡಿದ ಹಾಗೆ.

ನಾನು ತಲೆಯ ಮೇಲೆ ಬಟ್ಟೆ ಗಂಟು ಹೊತ್ತು ಬೀದಿ ಸುತ್ತಿದವನು. ಈ ಅಂಗಡಿ ಕಟ್ಟಿದ್ದು ಬಾಯಿ ಮತ್ತು ಕೈ. ಬಾಯಿ ಹೇಳುತ್ತದೆ, ಕೈ ತೋರಿಸುತ್ತದೆ. ಈಗ ಪಾಲುದಾರರಲ್ಲಿ ಒಬ್ಬ ಕೈಕೊಟ್ಟಿದ್ದಾನೆ.

ಔಷಧಿ ಅಂಗಡಿಯವನ ಹತ್ತಿರ ಹೋದೆ. "ಮನೆಯವಳಿಗೆ ಕೈ ಒಡೆದಿದೆ, ಏನಾದ್ರೂ ಕೊಡಪ್ಪ" ಅಂದೆ. ಅವನು ನನ್ನ ಕೈ ನೋಡಿ, "ಅಮ್ಮನಿಗೆ ದಿನಕ್ಕೆ ಮೂರು ಸಲ ಹಚ್ಚೋಕೆ ಹೇಳಿ ಸಾರ್" ಅಂದ. ಒಳ್ಳೆಯ ವ್ಯಾಪಾರಿ. ಗುಲಾಬಿ ಬಣ್ಣದ ಡಬ್ಬಿ ಕೊಟ್ಟ.

ನವೆಂಬರ್ 30

ಗುಲಾಬಿ ಡಬ್ಬಿಯಿಂದ ಕೈ ಮೆತ್ತಗಾಯಿತು, ನಿಜ. ಮೆತ್ತಗಾದ ಕೈಯಿಂದ ಬಿಳಿ ಸ್ಯಾಟಿನ್ ಮುಟ್ಟಿದೆ. ಐದು ಬೆರಳೂ ಬಟ್ಟೆಯ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ ಮೂಡಿದವು. ಒಣಗಿದರೆ ಎಳೆ ಕೀಳುತ್ತದೆ, ಹಚ್ಚಿದರೆ ಕಲೆ ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ಸ್ಯಾಟಿನ್.

ಆದರೆ ಬಟ್ಟೆಯವನಿಗೆ ಎಣ್ಣೆ ಕಲೆ ಹೊಸದಲ್ಲ. ರೇಷ್ಮೆಯ ಮೇಲೆ ಎಣ್ಣೆ ಬಿದ್ದರೆ ಸೀಮೆಸುಣ್ಣದ ಪುಡಿ ಉದುರಿಸಿ ಬಿಡಬೇಕು, ಅದು ಎಣ್ಣೆ ಕುಡಿದುಬಿಡುತ್ತದೆ. ಬಿಳಿ ಸ್ಯಾಟಿನ್ ಅನ್ನು ಹಾಗೇ ಉಳಿಸಿದೆ. ಆಮೇಲೆ ಹೊಳೆಯಿತು: ಬಟ್ಟೆಗೆ ಆದದ್ದು ಕೈಗೆ ಯಾಕಾಗಬಾರದು? ಕ್ರೀಮ್ ಹಚ್ಚಿ, ಮೇಲೆ ಪುಡಿ ತಿಕ್ಕಿ, ಒರೆಸಿ, ಚಿಂದಿ ರೇಷ್ಮೆಯ ಮೇಲೆ ಕೈಯಾಡಿಸಿ ನೋಡಿದೆ. ಕಲೆ ಇಲ್ಲ! ತಲೆ ಇದ್ದವನಿಗೆ ಡಾಕ್ಟರ್ ಯಾಕೆ?

ಡಿಸೆಂಬರ್ 4

ಗುಲಾಬಿ ಡಬ್ಬಿ ಕೆಲಸಕ್ಕೆ ಬಾರದು. ಬಿರುಕು ಜಾಸ್ತಿಯಾಗಿದೆ. ನೀಲಿ ಡಬ್ಬಿ ತಂದೆ. ದಪ್ಪ, ಅಂಟು, ಆಸ್ಪತ್ರೆಯ ವಾಸನೆ. ಅಂಟು ಜಾಸ್ತಿಯಾದ್ದರಿಂದ ಪುಡಿಯೂ ಜಾಸ್ತಿ ಬೇಕಾಯಿತು.

ಪಕ್ಕದ ಕ್ಷೌರದ ಅಂಗಡಿಯವನು ಬಾಗಿಲಲ್ಲಿ ನಿಂತು ಕೂಗಿದ: "ಏನಣ್ಣ, ಮನೆಗೆ ಸುಣ್ಣ ಹೊಡೀತಿದ್ದೀರಾ? ಕೈಯೆಲ್ಲ ಬೆಳ್ಳಗಿದೆ!"

"ನಿನ್ನ ಮುಖಕ್ಕೆ ಹೊಡೆಯೋಣ ಅಂತ ಕಲಸ್ತಿದ್ದೆ" ಅಂದೆ. ಅವನು ನಕ್ಕ. ನಾನೂ ನಕ್ಕೆ. ನಗುವಾಗ ಕೈ ಎರಡೂ ಜೇಬಿನಲ್ಲಿದ್ದವು.

ಗಲ್ಲಾದಲ್ಲಿ ಕೂತಿದ್ದ ಮಗಳು ತಲೆಯೆತ್ತಿ ನೋಡಿದಳು. ಮತ್ತೆ ಲೆಕ್ಕದ ಪುಸ್ತಕಕ್ಕೆ ಬಗ್ಗಿದಳು. ಅವಳು ಹಾಗೆಯೇ. ನಾನು ದಿನಕ್ಕೆ ಸಾವಿರ ಮಾತಾಡಿದರೆ ಅವಳು ಚಿಲ್ಲರೆ ಎಣಿಸಿಕೊಡುವಾಗಿನ ಮಾತು ಮಾತ್ರ. ಮದುವೆಯಾದ ಮೇಲೂ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾಳೆ. ಲೆಕ್ಕದಲ್ಲಿ ಗಟ್ಟಿ. ಆದರೆ ಬಟ್ಟೆ ವ್ಯಾಪಾರಕ್ಕೆ ನಾಲಿಗೆ ಬೇಕು. ಆ ವಿಷಯದಲ್ಲಿ ಅವಳು ತಾಯಿಯ ಕಡೆಯವಳು.

ಡಿಸೆಂಬರ್ 5

ಮೇಲಿನ ವಾಕ್ಯವನ್ನು ಇವಳು, ಅಂದರೆ ಮನೆಯವಳು, ಎಂದಾದರೂ ಓದಿದರೆ ನನಗೆ ಉಳಿಗಾಲವಿಲ್ಲ. ತಾಯಿಯ ಕಡೆಯವರು ಸುಮ್ಮನಿರುವುದು ನಾನು ಎದುರಿಗಿದ್ದಾಗ ಮಾತ್ರ.

ಡಿಸೆಂಬರ್ 9

ಎದುರಿನ ಗಾಜಿನ ಅಂಗಡಿಯಲ್ಲಿ ನಮ್ಮ ಹಳೇ ಗಿರಾಕಿಗಳಿಬ್ಬರನ್ನು ಕಂಡೆ. ಗಾಜಿನಿಂದ ಒಂದು ಉಪಯೋಗ, ಯಾರು ಬಿಟ್ಟು ಹೋದರು ಅಂತ ಊಹಿಸುವ ಕಷ್ಟವಿಲ್ಲ.

ಕೈಯ ಲೆಕ್ಕ. ಜಮಾ: ನೀಲಿ ಡಬ್ಬಿ, ಹಳದಿ ಟ್ಯೂಬು, ಗ್ಲಿಸರಿನ್, ಹರಳೆಣ್ಣೆ (ಅತ್ತಿಗೆಯ ಸಲಹೆ, ಅವರು ಹೊಟ್ಟೆನೋವಿಗೂ ಅದನ್ನೇ ಹೇಳುತ್ತಾರೆ). ಖರ್ಚು: ಊದಾ ರೇಷ್ಮೆಯಲ್ಲಿ ಒಂದು ಎಳೆ, ಹಸಿರಿನಲ್ಲಿ ಎರಡು. ಉಳಿಕೆ: ಬಲಗೈ ತೋರುಬೆರಳಲ್ಲಿ ರಕ್ತ.

ರಕ್ತ ಬಟ್ಟೆಗೆ ತಾಗಲಿಲ್ಲ. ದೇವರು ದೊಡ್ಡವನು. ಮೊದಲು ಬಟ್ಟೆ ನೋಡಿದೆ, ಆಮೇಲೆ ಬೆರಳು.

ಡಿಸೆಂಬರ್ 12

ಬಿಳಿ ಹತ್ತಿಯ ಕೈಗವಸು ಹಾಕಿಕೊಂಡೆ. ಗಿರಾಕಿಗಳಿಗೆ ಹೇಳಲು ಮಾತನ್ನೂ ಹೊಸೆದಿಟ್ಟೆ: "ದೊಡ್ಡ ದೊಡ್ಡ ಅಂಗಡಿಗಳಲ್ಲಿ ಈಗ ಹೀಗೇ ಅಮ್ಮ, ರೇಷ್ಮೆಯನ್ನ ಬರಿಗೈಲಿ ಮುಟ್ಟಲ್ಲ." ಇಬ್ಬರು ಗಿರಾಕಿಗಳು ನಂಬಿದರು. ಮೂರನೆಯವರು ಮೊಮ್ಮಗುವನ್ನು ಎತ್ತಿಕೊಂಡು ಬಂದಿದ್ದರು. ಮಗು ನನ್ನ ಕೈ ನೋಡಿ, "ಅಜ್ಜಿ, ಇವ್ರು ಜಾದೂ ಮಾಡಿ ಮೊಲ ತೆಗೀತಾರಾ?" ಅಂತ ಕೇಳಿತು.

ಅದಾದರೂ ನಗುವ ವಿಷಯ. ಮುಂದಿನದು ಅಲ್ಲ. ಕೆನೆ ಬಣ್ಣದ ಥಾನು ಬಿಚ್ಚಿ, "ಅಪ್ಪಟ ರೇಷ್ಮೆ ಅಮ್ಮ, ನನ್ನ ಕೈ ಸುಳ್ಳು ಹೇಳಲ್ಲ" ಅಂತ ಶುರುಮಾಡಿದೆ. ಗಲ್ಲಾದಿಂದ ಮಗಳು ಎದ್ದು ಬಂದಳು. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. "ಅಪ್ಪ, ಇದು ಮಿಶ್ರ. ಅಪ್ಪಟ ಪಕ್ಕದ ಥಾನು" ಅಂದಳು. ಮೆಲ್ಲಗೇ ಹೇಳಿದಳು. ಮೆಲ್ಲಗೆ ಹೇಳಿದ್ದು ಅಂಗಡಿ ತುಂಬಾ ಕೇಳಿಸಿತು.

ಕೈಗವಸಿನೊಳಗಿಂದ ನನಗೆ ಎರಡೂ ಒಂದೇ. ಹತ್ತಿಯನ್ನು ಮುಟ್ಟುತ್ತಿದ್ದೆ, ಅಷ್ಟೇ.

ಅಜ್ಜಿ ಅಪ್ಪಟವನ್ನೇ ಕೊಂಡುಕೊಂಡರು, ಮಗಳ ಕೈಯಿಂದ. ಹೋಗುವಾಗ ಅವಳಿಗೆ "ಥ್ಯಾಂಕ್ಸ್ ಮಗಳೇ" ಅಂದರು. ನನ್ನ ಮಗಳನ್ನು ಊರವರೆಲ್ಲ ಮಗಳೇ ಅನ್ನಲಿ, ಬೇಡ ಅನ್ನುವುದಿಲ್ಲ. ಆದರೆ ಗಿರಾಕಿಯ ಮುಂದೆ ಅಪ್ಪನ ಮಾತು ಕಡಿಯುವುದೇ? ಬಾಗಿಲು ಹಾಕುವಾಗ ಕೇಳಿದೆ.

"ಗಿರಾಕಿ ಮನೆಗೆ ಹೋಗಿ ನೋಡಿದ್ಮೇಲೆ ಹೇಳ್ಬೇಕಿತ್ತಾ?" ಅಂದಳು.

"ನಾಲಿಗೆ ಇದೆ ನಿನಗೆ, ಹಾಗಾದ್ರೆ."

"ಇದೆ. ಸರದಿ ಸಿಗಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಒಳ್ಳೆಯ ಉತ್ತರ ಹುಡುಕಿದೆ. ಇನ್ನೂ ಸಿಕ್ಕಿಲ್ಲ.

ಡಿಸೆಂಬರ್ 13

ಸಿಗಲಿಲ್ಲ.

ಡಿಸೆಂಬರ್ 18

ಟೈಲರ್ ಮೇಡಂ ಫೋನ್ ಮಾಡಿದರು. ಇಪ್ಪತ್ಮೂರಕ್ಕೆ ಬರುತ್ತಾರಂತೆ. "ಈ ಸಲ ಎದುರಿನ ಅಂಗಡಿನೂ ಒಂದು ಸುತ್ತು ನೋಡೋಣ ಅಂತಿದ್ದೀನಿ. ಬೇಜಾರಿಲ್ಲ ತಾನೆ?" ಅಂದರು. "ಅಯ್ಯೋ, ಧಾರಾಳವಾಗಿ ನೋಡಿ ಮೇಡಂ, ನೋಡಿದ್ರೆ ತಾನೇ ನಮ್ಮ ಬೆಲೆ ಗೊತ್ತಾಗೋದು" ಅಂದೆ. ಫೋನ್ ಇಟ್ಟ ಮೇಲೆ ಗಂಟಲು ಒಣಗಿ ಒಂದು ಚೊಂಬು ನೀರು ಕುಡಿದೆ. ಕೈಗೂ ಗಂಟಲಿಗೂ ಈಗ ವ್ಯತ್ಯಾಸವಿಲ್ಲ.

ಇವಳು ಊಟಕ್ಕೆ ಬಡಿಸುವಾಗ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿದಳು. "ರೀ, ಇದು ಕೈಯೋ, ತುರಿಮಣೆಯೋ? ನಾಳೆ ಡಾಕ್ಟರ ಹತ್ರ ಹೋಗದಿದ್ರೆ ಅನ್ನ ಇಲ್ಲ."

"ಟೈಲರ್ ಮೇಡಂ ಬಂದು ಹೋಗ್ಲಿ ಕಣೇ."

"ಅವರು ಬರೋದು ಬಟ್ಟೆ ನೋಡೋಕೆ. ಎಳೆ ಕಿತ್ತ ಬಟ್ಟೆ ನೋಡೋಕಲ್ಲ."

ತಾಯಿಯ ಕಡೆಯವರು ಸುಮ್ಮನಿರುತ್ತಾರೆ ಎಂದು ಬರೆದವನು ಯಾರು?

ಡಿಸೆಂಬರ್ 19

ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಜೊತೆಗೆ ಇವಳು. ನನ್ನನ್ನು ಒಬ್ಬನೇ ಬಿಟ್ಟರೆ ಡಾಕ್ಟರಿಗೇ ಒಂದು ಥಾನು ಮಾರಿ ಬರುತ್ತೇನೆ ಎಂಬ ಭಯ ಅವಳಿಗೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದರ ಗುಣದೋಷವನ್ನೂ ವಿವರಿಸಿದೆ. ಕೇಳಿಸಿಕೊಂಡರು. ಆಮೇಲೆ ನೀಲಿ ಡಬ್ಬಿ ಎತ್ತಿಹಿಡಿದು, "ಇದು ಒಳ್ಳೇದೇ. ಇದರಲ್ಲಿ ವಾಸಿ ಆಗ್ಬೇಕಿತ್ತು. ಹಚ್ಚಿದ ಮೇಲೆ ಏನ್ ಮಾಡ್ತೀರಿ?" ಅಂದರು.

"ಏನಿಲ್ಲ ಡಾಕ್ಟ್ರೆ. ಸೀಮೆಸುಣ್ಣದ ಪುಡಿ ತಿಕ್ಕಿ ಒರೆಸ್ತೀನಿ."

"ಏನು ತಿಕ್ಕಿ?"

"ಸೀಮೆಸುಣ್ಣ. ಎಣ್ಣೆ ಅಂಶ ಎಲ್ಲ ಕುಡ್ಕೊಂಡ್ಬಿಡುತ್ತೆ. ಒಂದು ಹನಿ ಉಳಿಸಲ್ಲ." ಹೆಮ್ಮೆಯಿಂದಲೇ ಹೇಳಿದೆ.

ಡಾಕ್ಟರಮ್ಮ ಇವಳ ಮುಖ ನೋಡಿದರು. ಇವಳು ಸೂರು ನೋಡಿದಳು. ಇಬ್ಬರೂ ನಗು ಹಿಡಿದುಕೊಂಡಿದ್ದರು.

"ದಿನಕ್ಕೆ ಎಷ್ಟು ಸಲ?"

"ಪ್ರತಿ ಗಿರಾಕಿಗೂ."

"ಅಂದ್ರೆ ಆ ಪುಡಿಗೆ ಕ್ರೀಮನ್ನೂ ಕುಡಿಸ್ತೀರಿ, ಚರ್ಮದಲ್ಲಿದ್ದ ಜಿಡ್ಡನ್ನೂ ಕುಡಿಸ್ತೀರಿ. ನಿಮ್ಮ ಕೈ ಒಡೆದಿದ್ದು ಚಳಿಗೆ ಸ್ವಲ್ಪ, ನಿಮ್ಮ ಉಪಚಾರಕ್ಕೆ ಜಾಸ್ತಿ."

ಅಲ್ಲಿಗೆ ನನ್ನ ಮಾತಿನ ಥಾನು ಮುಗಿಯಿತು. ಬಟ್ಟೆಗೆ ಮಾಡುವುದನ್ನು ಚರ್ಮಕ್ಕೆ ಮಾಡಿದೆ. ಕಲೆ ತೆಗೆಯುವ ಹಾಗೆ ಕೈಯನ್ನೇ ತೆಗೆಯುತ್ತಿದ್ದೆ.

ಅವರು ಬರೆದುಕೊಟ್ಟದ್ದು ವಾಸನೆಯಿಲ್ಲದ, ಬಣ್ಣವಿಲ್ಲದ, ಹೊಗಳಲು ಒಂದೂ ಅಂಶವಿಲ್ಲದ ಮುಲಾಮು. ಕೈ ತೊಳೆದಾಗಲೆಲ್ಲ ಒದ್ದೆಯಿರುವಾಗಲೇ ಹಚ್ಚಬೇಕು. ಬಿಸಿನೀರು ಬೇಡ. ಮಲಗುವಾಗ ದಪ್ಪಗೆ ಹಚ್ಚಿ ಹತ್ತಿಯ ಕೈಗವಸು. ಪುಡಿ ಕೂಡದು.

"ಇಪ್ಪತ್ಮೂರಕ್ಕೆ ವಾಸಿಯಾಗುತ್ತಾ?" ಅಂದೆ.

"ಮೂರು ವಾರ ಬೇಕು. ಅಲ್ಲೀವರೆಗೆ ಬಟ್ಟೆ ಮುಟ್ಟಬೇಡಿ."

ಮೀನಿಗೆ ನೀರು ಮುಟ್ಟಬೇಡ ಅಂದಹಾಗಾಯಿತು.

ಡಿಸೆಂಬರ್ 21

ಯೋಚನೆ ಒಂದು: ಮೇಡಂಗೆ ಫೋನ್ ಮಾಡಿ ಮುಂದಿನ ತಿಂಗಳು ಬನ್ನಿ ಅನ್ನುವುದು. ಆಗ ಅವರು ನೇರ ಗಾಜಿನೊಳಗೆ. ಯೋಚನೆ ಎರಡು: ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು, ಅಪಘಾತವಾಯಿತು ಅನ್ನುವುದು. ಎಲ್ಲಿ, ಹೇಗೆ, ಯಾವ ಗಾಡಿ ಅಂತ ಕೇಳುತ್ತಾರೆ. ಅಷ್ಟು ದೊಡ್ಡ ಸುಳ್ಳಿಗೆ ಈಗ ತ್ರಾಣವಿಲ್ಲ. ಯೋಚನೆ ಮೂರು ಇಲ್ಲ.

ಗಂಟು ಹೊತ್ತು ತಿರುಗುವಾಗ ಬಾಗಿಲು ಮುಖಕ್ಕೆ ಹಾಕಿದರೂ ಇಷ್ಟು ಹೆದರಿಕೆ ಇರಲಿಲ್ಲ. ಆಗ ಕಳೆದುಕೊಳ್ಳಲು ಗಂಟು ಮಾತ್ರ ಇತ್ತು.

ಡಿಸೆಂಬರ್ 22

ಮಗಳು ಗಲ್ಲಾಕ್ಕೆ ಬೀಗ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು: "ನಾಳೆ ನಾನು ಬಿಚ್ಚಿ ತೋರಿಸ್ತೀನಿ. ನೀನು ಮಾತಾಡು."

"ನಿನಗೆ ಬರುತ್ತಾ?"

"ಎಂಟು ವರ್ಷದಿಂದ ಎದುರಿಗೆ ಕೂತಿದ್ದೀನಲ್ಲ ಅಪ್ಪ."

ಒಪ್ಪಿಕೊಂಡೆ. ಬೇರೆ ದಾರಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಡಿಸೆಂಬರ್ 23

ಮೇಡಂ ಹತ್ತಕ್ಕೆಲ್ಲ ಬಂದರು. ಕನ್ನಡಕ ಸರಿಮಾಡಿಕೊಂಡು ಕೂತರು. "ಏನು, ಕೈಕಟ್ಟಿ ನಿಂತಿದ್ದೀರಿ? ಯಾರಾದ್ರೂ ಬೈದ್ರಾ?" ಅಂದರು.

ಮುಲಾಮು ಬಳಿದ ಕೈ ತೋರಿಸಿದೆ. ಸುಳ್ಳು ಹೇಳಲು ಬಾಯಿ ತೆರೆದೆ, ನಿಜ ಬಂತು. ಸೀಮೆಸುಣ್ಣದ ಕಥೆಯನ್ನೂ ಹೇಳಿಬಿಟ್ಟೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಬೆವರು ಬಂತು.

ಮಗಳು ಮೊದಲ ಥಾನು ಇಳಿಸಿದಳು. ನಾನು ಶುರುಮಾಡಿದೆ: "ನೀರು ಅಂದ್ರೆ ನೀರು ಮೇಡಂ, ಹಾಗೇ ಜಾರಿ..." ಅವಳು ಬಿಚ್ಚಿದ್ದು ಗಟ್ಟಿ ನೇಯ್ಗೆಯ ಬಟ್ಟೆ, ಹಲಗೆಯ ಹಾಗೆ ಸೆಟೆದು ನಿಂತಿತು. ಎರಡನೆಯದಕ್ಕೆ, "ನೋಡಿ, ಹೇಗೆ ಮಿಂಚುತ್ತೆ" ಅಂದೆ. ಅವಳು ಅಷ್ಟರಲ್ಲಿ ಅದನ್ನು ಪಕ್ಕಕ್ಕಿಟ್ಟು ಮೂರನೆಯದಕ್ಕೆ ಹೋಗಿದ್ದಳು. ಸಿನಿಮಾದಲ್ಲಿ ಚಿತ್ರ ಮುಂದೆ ಓಡಿ ಮಾತು ಹಿಂದೆ ಬಿದ್ದ ಹಾಗೆ. ಕೈ ಒಬ್ಬರದು ಬಾಯಿ ಒಬ್ಬರದು ಆದರೆ ಹೀಗೇ.

ಐದನೇ ಥಾನಿಗೆ ಮೇಡಂ ನನ್ನ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡಿ, ನೀವು ಸ್ವಲ್ಪ ಹೊತ್ತು ಆ ಕಡೆ ಕೂತ್ಕೋತೀರಾ?"

ಕೂತೆ. ಬೆಂಚಿನ ಮೇಲೆ, ಗಿರಾಕಿಗಳ ಗಂಡಂದಿರು ಕೂರುವ ಜಾಗದಲ್ಲಿ. ಅಲ್ಲಿಂದ ಅಂಗಡಿ ಬೇರೆಯೇ ಕಾಣುತ್ತದೆ.

ಮಗಳು ಬಟ್ಟೆ ಬಿಚ್ಚಿ ಮೇಜಿನ ಮೇಲೆ ಬಿಟ್ಟು ಸುಮ್ಮನೆ ನಿಲ್ಲುತ್ತಾಳೆ. ನನಗೆ ಮೈಯೆಲ್ಲ ಉರಿ. ಏನಾದರೂ ಹೇಳೇ! ಮೇಡಂ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಮುದುಡುತ್ತಾರೆ, ಬಿಡುತ್ತಾರೆ. ಮಗಳು ಕಾಯುತ್ತಾಳೆ. ಆ ಮೌನದಲ್ಲಿ ಎದುರಿನ ಅಂಗಡಿಯ ಬಾಗಿಲು ತೆರೆಯುವ ಸದ್ದೂ ನನಗೆ ಕೇಳಿಸುತ್ತಿತ್ತು.

"ನಿನಗೆ ಇದರಲ್ಲಿ ಯಾವುದು ಇಷ್ಟ?" ಮೇಡಂ ಕೇಳಿದರು.

"ನನಗೆ ಇಷ್ಟ ಆದ್ರೇನು ಮೇಡಂ? ಯಾರಿಗೆ ಹೊಲಿಯೋದು?"

ಮೇಡಂ ಕನ್ನಡಕ ತೆಗೆದರು. ಆಮೇಲೆ ಮಾತಾಡತೊಡಗಿದರು. ಈಗಿನ ಮದುಮಕ್ಕಳಿಗೆ ಮಿಂಚುವುದು ಬೇಡವಂತೆ. ಫೋಟೋದಲ್ಲಿ ಬಟ್ಟೆ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ ಅಂತ ಅಳುತ್ತಾರಂತೆ. ಹೊಳಪು ಕಡಿಮೆ ಇರಬೇಕು, ಬಟ್ಟೆ ತನ್ನ ಭಾರಕ್ಕೆ ಇಳಿಬೀಳಬೇಕು. ಎಲ್ಲೂ ಸಿಗುತ್ತಿಲ್ಲವಂತೆ. ಇಷ್ಟು ವರ್ಷದಲ್ಲಿ ಅವರು ಇಷ್ಟೊಂದು ಮಾತಾಡಿದ್ದನ್ನು ನಾನು ಕೇಳಿಲ್ಲ.

ಮಗಳು ಕೆಳಗಿನ ಗೂಡಿಗೆ ಬಗ್ಗಿ, ಕಾಗದ ಸುತ್ತಿದ ಥಾನುಗಳನ್ನು ಎಳೆದಳು. ಮಂಕು ಅಂತ ನಾನೇ ಒಳಗೆ ತಳ್ಳಿದ್ದ ಮಾಲು. ಮೇಡಂ ಅದರ ಮೇಲೆ ಅಂಗೈ ಊರಿದರು. ತೆಗೆಯಲೇ ಇಲ್ಲ.

"ಇದು ಯಾವಾಗಿಂದ ಇದೆ?"

"ಎರಡು ವರ್ಷ ಆಯ್ತು ಮೇಡಂ."

ಇಬ್ಬರೂ ಬೆಂಚಿನ ಕಡೆ ನೋಡಿದರು.

"ನೀವು ಕೇಳ್ಲಿಲ್ಲ" ಅಂದೆ.

"ಕೇಳೋಕೆ ಸಂದು ಎಲ್ಲಿತ್ತು ಸ್ವಾಮಿ?" ಅಂದರು.

ಮಂಕು ಥಾನುಗಳನ್ನೆಲ್ಲ ತೆಗೆದುಕೊಂಡರು. ಮಿಂಚುವುದರಲ್ಲಿ ಹೋದ ವರ್ಷದ ಅರ್ಧವೂ ಇಲ್ಲ. ಒಟ್ಟಿನಲ್ಲಿ ಹೋದ ವರ್ಷಕ್ಕಿಂತ ಸ್ವಲ್ಪ ಕಡಿಮೆ. ಆದರೆ ಇದೇ ನೇಯ್ಗೆ ಬೇರೆ ಬಣ್ಣಗಳಲ್ಲಿ ತರಿಸಲು ಹೇಳಿದ್ದಾರೆ, ಜನವರಿಯಲ್ಲಿ ಮತ್ತೆ ಬರುತ್ತಾರೆ. ಹೊರಗೆ ಹೋಗಿ ಎದುರಿನ ಅಂಗಡಿಯ ಕಡೆ ಒಂದು ಸಲ ನೋಡಿ, ಕಾರು ಹತ್ತಿದರು. ನಾನು ಬಾಗಿಲ ಮರೆಯಿಂದ ಇಣುಕುತ್ತಿದ್ದೆ.

ಮಗಳ ಫೋನ್ ನಂಬರ್ ಬರೆದುಕೊಂಡು ಹೋದರು. ನನ್ನದು ಅವರ ಹತ್ತಿರ ಇದೆಯಲ್ಲ, ಯಾಕೋ.

ಡಿಸೆಂಬರ್ 24

ಯಾರ ಜೊತೆಗೂ ಮಾತು ಬೇಡ ಅನ್ನಿಸಿತು. ಇವಳು ಹಣೆ ಮುಟ್ಟಿ ಜ್ವರ ಇದೆಯೇ ಅಂತ ನೋಡಿದಳು.

ಡಿಸೆಂಬರ್ 30

ಬೆಂಚಿನ ಮೇಲೆ ಕೂತು ಅಭ್ಯಾಸವಾಗುತ್ತಿದೆ. ಪಕ್ಕದಲ್ಲಿ ಕೂತ ಗಂಡಂದಿರು ಹೆಂಡತಿಗೆ ಹೇಳದ್ದನ್ನೆಲ್ಲ ನನಗೆ ಹೇಳುತ್ತಾರೆ. ಒಬ್ಬರಂತೂ, "ಅವಳಿಗೆ ಹಸಿರು ಒಪ್ಪುತ್ತೆ, ನಾನು ಹೇಳಿದ್ರೆ ಕೊಳ್ಳಲ್ಲ" ಅಂದರು. ಎದ್ದು ಹೋಗಿ ಮಗಳ ಕಿವಿಯಲ್ಲಿ ಹೇಳಿದೆ. ಹಸಿರೇ ಮಾರಾಟವಾಯಿತು.

ಬಿರುಕು ಕೂಡಿಕೊಳ್ಳುತ್ತಿದೆ. ಎಡಗೈ ಮೊದಲು.

ಜನವರಿ 7

ಕ್ಷೌರದವನು ಆ ಮುಲಾಮಿನ ಹೆಸರು ಕೇಳಿಕೊಂಡು ಹೋದ. ಅವನ ಬೆರಳ ಸಂದಿಯೂ ಒಡೆದಿದೆಯಂತೆ, ಹೋದ ವರ್ಷದಿಂದ. ಹೇಳಿರಲಿಲ್ಲ. "ಯಾಕೋ ಹೇಳ್ಲಿಲ್ಲ?" ಅಂದರೆ, "ಕತ್ತರಿ ಹಿಡಿಯೋ ಕೈ ಅಣ್ಣ, ಹೇಳಿದ್ರೆ ಯಾರು ತಲೆ ಕೊಡ್ತಾರೆ?" ಅಂದ. ಬೀದಿಯುದ್ದಕ್ಕೂ ಜೇಬಿನಲ್ಲಿ ಎಷ್ಟು ಕೈಗಳಿವೆಯೋ.

ಜನವರಿ 12

ಬೆಳಿಗ್ಗೆ ಎದ್ದು ಕೈಗವಸು ಕಳಚಿ, ಚಿಂದಿ ರೇಷ್ಮೆಯ ಮೇಲೆ ಕೈಯಾಡಿಸಿದೆ. ಸದ್ದಿಲ್ಲ. ಮತ್ತೊಮ್ಮೆ ಆಡಿಸಿದೆ. ಇಲ್ಲ. ಒಣಗಿಸಿಕೊಂಡು ಬಿಳಿಯ ಮೇಲೆ ಇಟ್ಟೆ. ಕಲೆಯೂ ಇಲ್ಲ. ಇವಳನ್ನು ಕೂಗಿ ಕೈ ಮುಟ್ಟಿಸಿದೆ. "ಯಾರದ್ರೀ ಇದು?" ಅಂದಳು.

ಈ ಸುದ್ದಿ ಮಗಳಿಗೆ ಹೇಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋಗುವಷ್ಟರಲ್ಲಿ ನಮ್ಮ ಅಂಗಡಿ ತುಂಬಿತ್ತು. ಅಮ್ಮ, ಮಗಳು, ಅತ್ತೆ, ಮೂರು ಜನಕ್ಕೆ ಮೂರು ಮನಸ್ಸು. ನನ್ನ ಮಗಳು ತಿರುಗದೆ ಕೈ ಚಾಚಿ, "ಅಪ್ಪ, ಬೂದಿ ಬಣ್ಣದ್ದು" ಅಂದಳು. ಕೊಟ್ಟೆ. "ಅದರ ಪಕ್ಕದ್ದು." ಕೊಟ್ಟೆ. ಅತ್ತೆಯವರು ನನ್ನನ್ನು, "ನೀವು ಹೇಳಿ, ಇದು ತೊಳೆದ್ರೆ ಬಣ್ಣ ಬಿಡುತ್ತಾ?" ಅಂತ ಕೇಳಿದರು. "ಅವಳನ್ನ ಕೇಳಿ ಅಮ್ಮ, ಬಟ್ಟೆ ಅವಳ ಕೈಲಿದೆ" ಅಂದೆ. ಮಧ್ಯಾಹ್ನದ ಊಟಕ್ಕೂ ಸರದಿಯ ಮೇಲೆ ಹೋದೆವು.

ಕೈ ವಾಸಿಯಾದ ವಿಷಯ ಬೀಗ ಹಾಕುವಾಗ ನೆನಪಾಯಿತು. ಅಷ್ಟರಲ್ಲಿ ಅವಳು ಬಸ್ಸು ಹತ್ತಿದ್ದಳು. ನಾಳೆ ಹೇಳಿದರಾಯಿತು. ಬೇಗ ಹೋಗಬೇಕು, ಹೊಸ ಬಣ್ಣಗಳು ಬರುತ್ತವೆ, ಮೇಲಿನ ಗೂಡು ಖಾಲಿ ಮಾಡಿಕೊಡಬೇಕು. ಅದು ಅವಳಿಗೆ ಎಟಕುವುದಿಲ್ಲ.